ನೂರು ದಿನದ ಬಾಕಿ

ಕ್ಯಾಲಿಫೋರ್ನಿಯಾ, 2010ರ ಅಕ್ಟೋಬರ್. ನಿನ್ನೆ ಸಂಜೆ ಮಗಳನ್ನು ಕರೆತರಲು ಡೇಕೇರ್‌ಗೆ ಹೋಗಿದ್ದೆ. ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿದ್ದರು. ಜುಲೈ, ಆಗಸ್ಟ್, ಸೆಪ್ಟೆಂಬರ್, ಮೂರಕ್ಕೂ ಮುಂದೆ ಖಾಲಿ. ಅಲ್ಲಿಗೆ ಬರುವ ಕೆಲವು ಮಕ್ಕಳ ಫೀಸು ಸರ್ಕಾರದಿಂದ ಬರಬೇಕು. ಬಜೆಟ್ ಆಗದೆ ಅದು ನಿಂತುಹೋಗಿತ್ತು. ಡೇಕೇರ್‌ನ ಆಯಮ್ಮ ತನ್ನ ಕೈಯಿಂದ ಹಾಲು, ಹಣ್ಣು ತಂದು ನಡೆಸಿದ್ದಾಳೆ. ನಾನು ಸಾಫ್ಟ್‌ವೇರಿನವನು, ಸಂಬಳ ತಪ್ಪಿದರೆ ಮೂರನೇ ದಿನಕ್ಕೇ ಎಚ್‌ಆರ್ ಬಾಗಿಲಲ್ಲಿ ಕೂತಿರುತ್ತೇನೆ.

ಮನೆಗೆ ಬಂದರೆ ಅಂಚೆ ಡಬ್ಬಿಯಲ್ಲಿ ಮಿರಮಿರ ಹೊಳೆಯುವ ಕಾರ್ಡು. ಪ್ರಾಪ್ 25ಕ್ಕೆ (ಜನರೇ ವೋಟು ಹಾಕಿ ತೀರ್ಮಾನಿಸುವ ಪ್ರಸ್ತಾವ) ನೋ ಅನ್ನಿ, ಇಲ್ಲದಿದ್ದರೆ ತೆರಿಗೆ ಏರುತ್ತದೆ ಅಂತ. ಮೈ ಉರಿಯಿತು.

ಬೆಂಗಳೂರಿನ ಗೆಳೆಯರಿಗೆ ಚುಟುಕಾಗಿ: ಕ್ಯಾಲಿಫೋರ್ನಿಯಾದಲ್ಲಿ ಈಗ, 2010ರಲ್ಲಿ, ರಾಜ್ಯದ ಬಜೆಟ್ ಪಾಸಾಗಲು ಮೂರನೇ ಎರಡರಷ್ಟು ವೋಟು ಬೇಕು. ಅಸೆಂಬ್ಲಿಯ 80ರಲ್ಲಿ 54, ಸೆನೆಟ್‌ನ 40ರಲ್ಲಿ 27. ಹೀಗಿರುವುದು ಇಲ್ಲಿ, ಅರ್ಕನ್ಸಾದಲ್ಲಿ, ರೋಡ್ ಐಲೆಂಡಿನಲ್ಲಿ ಮಾತ್ರ. ಅರ್ಧಕ್ಕಿಂತ ಒಂದು ಜಾಸ್ತಿ ಇದ್ದರೆ ಸಾಕು ಅನ್ನುವುದು ಪ್ರಾಪ್ 25. 2010ರ ನವೆಂಬರ್ 2ಕ್ಕೆ ವೋಟು.

ಜುಲೈ 1ಕ್ಕೆ ಸಿದ್ಧವಿರಬೇಕಾದ ಬಜೆಟ್ಟಿಗೆ ಗವರ್ನರ್ ಷ್ವಾರ್ಜ್‌ನೆಗರ್ ಸಹಿ ಹಾಕಿದ್ದು ಅಕ್ಟೋಬರ್ 8ಕ್ಕೆ. ಬರೋಬ್ಬರಿ ನೂರು ದಿನ! ಸಿನಿಮಾ ಆಗಿದ್ದರೆ ಶತದಿನೋತ್ಸವ ಮಾಡಬಹುದಿತ್ತು. ಹೋದ ವರ್ಷವಂತೂ ಖಜಾನೆ ಬರಿದಾಗಿ ಜನರಿಗೆ ಚೆಕ್ಕಿನ ಬದಲು ಐಒಯು ಚೀಟಿ, ಅಂದರೆ ಆಮೇಲೆ ಕೊಡುತ್ತೇವೆ ಅನ್ನುವ ಸಾಲಪತ್ರ, ಕೊಟ್ಟರು. ನಮ್ಮೂರ ಶೆಟ್ಟರ ಅಂಗಡಿಯ ಕಡದ ಪುಸ್ತಕ ಇದಕ್ಕಿಂತ ನಂಬಿಕಸ್ತ.

ಮೂರನೇ ಎರಡು ಇದ್ದರೆ ಎಲ್ಲರನ್ನೂ ಕೂಡಿಸಿಕೊಂಡು ಹೋಗುತ್ತಾರೆ ಅಂತ ಹೇಳುತ್ತಾರೆ. ಕೇಳೋಕೆ ಚೆಂದ. ನಿಜವಾಗಿ ಆಗುವುದು ಕೊನೆಯ ಎರಡು ಮೂರು ವೋಟಿನ ಚೌಕಾಸಿ. 2009ರ ಫೆಬ್ರವರಿಯಲ್ಲಿ ಅಲ್ಪಮತದ ಪಕ್ಷದ ಸೆನೆಟರ್ ಅಬೆಲ್ ಮಾಲ್ಡೊನಾಡೊ ಬಜೆಟ್ಟಿಗೆ ವೋಟು ಕೊಟ್ಟರು, ಬದಲಿಗೆ ಪ್ರೈಮರಿ ಚುನಾವಣೆಯ (ಅಂತಿಮ ಕಣಕ್ಕೆ ಅಭ್ಯರ್ಥಿಗಳನ್ನು ಆರಿಸುವ ಮೊದಲ ಸುತ್ತು) ರೀತಿಯನ್ನೇ ಬದಲಿಸುವ ಪ್ರಶ್ನೆಯನ್ನು ಜನರ ಮುಂದೆ ಇಡಿಸಿದರು. ಅದು ಈ ಜೂನ್‌ನಲ್ಲಿ ಪಾಸೂ ಆಯಿತು. ಒಳ್ಳೆಯದೋ ಕೆಟ್ಟದ್ದೋ, ಅದಕ್ಕೂ ಡೇಕೇರ್ ಫೀಸಿಗೂ ಏನು ಸಂಬಂಧ ಮಾರಾಯ್ರೆ?

ರಾಜ್ಯೋತ್ಸವದ ನಾಟಕದ ರಿಹರ್ಸಲ್‌ನಲ್ಲಿ ಗೆಳೆಯನೊಬ್ಬ ಹಿಡಿದು ನಿಲ್ಲಿಸಿದ. "ಬರೀ ಬಹುಮತ ಸಾಕು ಅಂತೀಯಲ್ಲ, ವಿಧಾನಸೌಧ ನೋಡಿದೆಯಾ ಈ ತಿಂಗಳು?" ನೋಡಿದೆ. ರೆಸಾರ್ಟು, ಹದಿನಾರು ಶಾಸಕರ ಅನರ್ಹತೆ, ನಾಲ್ಕೇ ದಿನದಲ್ಲಿ ಎರಡು ವಿಶ್ವಾಸಮತ. ನಾಚಿಕೆಯೂ ಆಯಿತು. ಆದರೂ ಅಲ್ಲಿ ಯಾರನ್ನು ಬೈಯಬೇಕು ಅಂತ ಗೊತ್ತು. ಇಲ್ಲಿ ಆಳುವವರು "ಅವರು ಬಿಡಲಿಲ್ಲ" ಅಂತಾರೆ, ಎದುರು ಪಕ್ಷದವರು "ನಾವೆಲ್ಲಿ ಆಳುತ್ತಿದ್ದೇವೆ" ಅಂತಾರೆ. ಬೈಯೋಕೂ ಒಂದು ವಿಳಾಸ ಬೇಡವೇ?

ಆ ಕಾರ್ಡು ಹೇಳಿದ ತೆರಿಗೆಯ ಮಾತು ಬಿಡಿ. ತೆರಿಗೆ ಏರಿಸಲು ಮೂರನೇ ಎರಡರ ನಿಯಮ ಹಾಗೇ ಉಳಿಯುತ್ತದೆ ಅಂತ ಸರ್ಕಾರ ಕಳಿಸುವ ಮತದಾರರ ಪುಸ್ತಕದಲ್ಲಿ ಶೀರ್ಷಿಕೆಯಲ್ಲೇ ಇದೆ. ಒಳಗೆ ಕಳ್ಳದಾರಿ ಇದೆ ಅಂತ ವಾದಿಸುವವರಿದ್ದಾರೆ. ಇರಲಿ, ಈಗಿರುವ ಹೆದ್ದಾರಿಯಲ್ಲೇ ಗಾಡಿ ಕೆಟ್ಟು ನಿಂತಿದೆಯಲ್ಲ.

ಒಂದು ತಪ್ಪೊಪ್ಪಿಗೆ. ಹೋದ ವರ್ಷ ಮೇನಲ್ಲಿ ಬಜೆಟ್ ಬಗ್ಗೆಯೇ 1ಎ ಇಂದ 1ಎಫ್ ತನಕ ಆರು ಪ್ರಶ್ನೆ ಬಂದಿದ್ದವು. ಹೊಸ ಪೌರ ನಾನು, ಪ್ರಮಾಣ ಮಾಡುವಾಗ ಗಂಟಲು ಕಟ್ಟಿತ್ತು. ಆದರೆ ವೋಟು ಹಾಕಲಿಲ್ಲ. ಆಗ ಬಂದ ಮತದಾರರ ಪುಸ್ತಕ ಮೂರು ತಿಂಗಳು ಲ್ಯಾಪ್‌ಟಾಪ್ ಕೆಳಗೆ ಮಣೆಯಾಗಿತ್ತು. ಇನ್ನೊಂದನ್ನೂ ಹೇಳಿಬಿಡುತ್ತೇನೆ: 25ರಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಬಹುಮತದ ತತ್ವ ಅಲ್ಲ. ಶಾಸಕರು ಬಜೆಟ್ ಪಾಸು ಮಾಡಬೇಕಾದ ಜೂನ್ 15 ದಾಟಿದರೆ ತಡವಾದ ಪ್ರತಿ ದಿನಕ್ಕೂ ಶಾಸಕರ ಸಂಬಳ, ಭತ್ಯೆ ಖೋತಾ. ಆಮೇಲೂ ವಾಪಸ್ ಸಿಗುವುದಿಲ್ಲ. ಓದಿ ಒಬ್ಬನೇ ನಕ್ಕೆ. ಸಣ್ಣ ಬುದ್ಧಿ ಅನ್ನಿ ಬೇಕಾದರೆ. ಫ್ರಿಜ್ ಮೇಲಿನ ಆ ಹಾಳೆ ನೋಡಿ ಬಂದು ಅನ್ನಿ.

25ಕ್ಕೆ ಯೆಸ್ ಗುರುತು ಹಾಕಿ ಆಯಿತು. ಅದರ ಕೆಳಗೇ ಪ್ರಾಪ್ 26 ಕೂತಿದೆ. ಸರ್ಕಾರದ ಎಷ್ಟೋ ಶುಲ್ಕಗಳಿಗೂ ಮೂರನೇ ಎರಡು ಬೇಕು ಅನ್ನುತ್ತದೆ ಅದು. ಒಂದೇ ಹಾಳೆಯಲ್ಲಿ ಒಂದು ಗಂಟು ಬಿಚ್ಚು, ಇನ್ನೊಂದು ಹಾಕು! ಅದನ್ನು ಈಗ ನನ್ನಾಕೆ ಓದುತ್ತಿದ್ದಾಳೆ, ಕೈಯಲ್ಲಿ ಪೆನ್ನು ಹಿಡಿದು. ಅಂಚೆ ಮತದ ಲಕೋಟೆಗೆ ಸ್ಟಾಂಪ್ ತರೋಕೆ ನನ್ನನ್ನು ಓಡಿಸಿದ್ದಾಳೆ, ಕ್ಯೂನಲ್ಲಿ ನಿಂತು ಇದನ್ನು ಬರೆಯುತ್ತಿದ್ದೇನೆ.