ಮಾಸಿದ ಪಬ್ಬಿಗೆ ಐದು ನಕ್ಷತ್ರ ಕೊಡುವವರ ಮೇಲೆ ನನ್ನ ತಕರಾರು

ನಮ್ಮ ಮನೆಯ ಹಿಂದಿನ ಬೀದಿಯ ಪಬ್ಬಿನ ಬಗ್ಗೆ ಗಿರಾಕಿಗಳು ಬರೆಯುವ ಅಭಿಪ್ರಾಯಗಳನ್ನು ಓದುವುದು ನನಗೊಂದು ಚಟವಾಗಿಬಿಟ್ಟಿದೆ. ಒಬ್ಬರು ಒಂದೇ ನಕ್ಷತ್ರ ಕೊಟ್ಟು, ಕಾರ್ಪೆಟ್ ಕಾಲಿಗೆ ಅಂಟುತ್ತದೆ, ಬಿಯರ್ ತಣ್ಣಗಿಲ್ಲ, ಊಟವಿಲ್ಲ, ಸಂಗೀತವಿಲ್ಲ, ಬರೀ ಮುದುಕರೇ ತುಂಬಿದ್ದಾರೆ ಎಂದು ದೂರಿದ್ದಾರೆ. ಅದರ ಕೆಳಗೇ ಇನ್ನೊಬ್ಬರು ಐದು ನಕ್ಷತ್ರ ಕೊಟ್ಟಿದ್ದಾರೆ. ಕಾರಣಗಳು ಹೆಚ್ಚುಕಡಿಮೆ ಅವೇ! ಊಟವಿಲ್ಲ, ಸಂಗೀತವಿಲ್ಲ, ಮುದುಕರು ತಮ್ಮ ಪಾಡಿಗೆ ತಾವು ಕೂತಿರುತ್ತಾರೆ, ಏನನ್ನೂ ಬದಲಾಯಿಸಬೇಡಿ ಎಂದು ಕೈಮುಗಿದಿದ್ದಾರೆ. ಬೈದವರಿಗಿಂತ ಈ ಕೈಮುಗಿದವರ ಮೇಲೆಯೇ ನನಗೆ ಸಿಟ್ಟು ಹೆಚ್ಚು. ಯಾಕೆಂದು ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದಿ. (ಊರಿನಲ್ಲಿ ನಮ್ಮತ್ತೆಯೂ ಇದನ್ನು ಓದುತ್ತಾರೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಹೌದು ಅತ್ತೆ, ಅರ್ಧ ಪಿಂಟ್, ಅಂದರೆ ಕಾಲು ಲೀಟರಿಗಿಂತ ತುಸು ಹೆಚ್ಚು, ಕುಡಿಯುತ್ತೇನೆ.)

ಬೆಂಗಳೂರಿನವರಿಗೆ ಪಬ್ ಎಂದರೆ ಕಿವಿಗಡಚಿಕ್ಕುವ ಸಂಗೀತ, ಬಾಗಿಲಲ್ಲಿ ದಾಂಡಿಗ, ಸಂಬಳ ಬಂದ ವಾರ ಮಾತ್ರ ಹೋಗಬಹುದಾದ ಜಾಗ. ಇಂಗ್ಲೆಂಡಿನ ಹಿಂಬೀದಿಯ ಪಬ್ಬಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ನಾವಿರುವುದು ಡಡ್ಲಿಯ ಹತ್ತಿರ. ಕಲ್ಲಿದ್ದಲು ಮತ್ತು ಕಬ್ಬಿಣದಿಂದ ಬದುಕಿದ ಸೀಮೆ, ಬ್ಲ್ಯಾಕ್ ಕಂಟ್ರಿ ಎಂದೇ ಹೆಸರು. ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಕೆಂಪು ಇಟ್ಟಿಗೆಯ ಕಾರ್ಮಿಕರ ಮನೆಗಳ ಸಾಲು, ಸಾಲಿನ ತುದಿಯಲ್ಲಿ ಅದೇ ಇಟ್ಟಿಗೆಯ ಪಬ್. ಹೊರಗೆ ನೇತುಹಾಕಿದ ಫಲಕ ಇಲ್ಲದಿದ್ದರೆ ಅದೂ ಒಂದು ಮನೆಯೇ. ಎಷ್ಟೋ ಕಡೆ ಅದು ನಿಜವಾಗಿಯೂ ಮನೆಯೇ ಆಗಿತ್ತು. 1830ರ ಬಿಯರ್‌ಹೌಸ್ ಕಾಯಿದೆಯ ಪ್ರಕಾರ ತೆರಿಗೆ ಕಟ್ಟುವ ಯಾವ ಮನೆಯವನಾದರೂ 2 ಗಿನಿ (ಎರಡು ಪೌಂಡಿಗಿಂತ ತುಸು ಹೆಚ್ಚು) ಶುಲ್ಕ ಕೊಟ್ಟರೆ ಸಾಕು, ನ್ಯಾಯಾಧೀಶರ ಅಪ್ಪಣೆಗೆ ಕಾಯದೆ ತನ್ನ ಮುಂದಿನ ಕೋಣೆಯಲ್ಲಿ ಬಿಯರ್ ಮಾರಬಹುದಿತ್ತು. ಬಡವರು ಜಿನ್ ಬಿಟ್ಟು ಬಿಯರ್ ಕುಡಿಯಲಿ ಎಂಬುದು ಸರ್ಕಾರದ ಆಸೆ. ಜನ ಜಿನ್ನನ್ನು ಬಿಡಲಿಲ್ಲ, ಬಿಯರನ್ನೂ ಹಿಡಿದರು. ಇಂದಿಗೂ ಉಳಿದಿರುವ ಹಿಂಬೀದಿಯ ಪಬ್ಬುಗಳಲ್ಲಿ ಅನೇಕವು ಆ ಕಾಯಿದೆಯ ಸಂತಾನ. ಕುಲುಮೆಯ ಮುಂದೆ ಹಗಲೆಲ್ಲಾ ಬೆಂದು ಬಂದವರು ಬಾಯಾರಿಕೆ ತಣಿಸಿಕೊಳ್ಳುತ್ತಿದ್ದ ಜಾಗಗಳು ಇವು. ಪ್ರವಾಸಿಗರಿಗೆಂದು ಕಟ್ಟಿದವಲ್ಲ.

ಒಂದು ನಕ್ಷತ್ರದವರ ದೂರುಗಳಲ್ಲಿ ಅರ್ಧದಷ್ಟು ಬರೀ ರೂಢಿ ತಿಳಿಯದೆ ಬಂದವು. ಟೇಬಲ್ಲಿನ ಹತ್ತಿರ ಯಾರೂ ಬಂದು ಕೇಳಲಿಲ್ಲ ಎಂಬುದು ಅದರಲ್ಲೊಂದು. ನಮ್ಮ ಚಿಕ್ಕಪ್ಪನ ಮಗ ಬೆಂಗಳೂರಿನಿಂದ ಬಂದಿದ್ದಾಗ ಇಲ್ಲಿ ಬೆಂಚಿನ ಮೇಲೆ ಕೂತು, ಮಾಣಿಗಾಗಿ ಬಾಗಿಲನ್ನೇ ನೋಡುತ್ತಿದ್ದ. ಇಲ್ಲಿ ಯಾರೂ ಬರುವುದಿಲ್ಲ. ಕೌಂಟರಿಗೆ ನೀವೇ ಹೋಗಿ ನಿಲ್ಲಬೇಕು. ಅಲ್ಲಿ ಸಾಲು ಇರುವುದಿಲ್ಲ, ಆದರೆ ಯಾರ ನಂತರ ಯಾರು ಎಂಬುದು ನಿಂತವರೆಲ್ಲರಿಗೂ ಗೊತ್ತಿರುತ್ತದೆ. ನಿಮಗಿಂತ ಮೊದಲು ಬಂದವರನ್ನು ಬಿಟ್ಟು ನಿಮ್ಮನ್ನು ಕೇಳಿದರೆ, ಇವರದು ಮೊದಲು ಎಂದು ತೋರಿಸಬೇಕು. ಅಷ್ಟು ಮಾಡಿದರೆ ಆ ಊರಿನಲ್ಲಿ ನಿಮಗೆ ಮರ್ಯಾದೆ ಬಂತೆಂದೇ ಲೆಕ್ಕ.

ಬಿಯರ್ ಬೆಚ್ಚಗಿದೆ ಎಂಬುದೂ ಹಾಗೆಯೇ. ಪೀಪಾಯಿಯಲ್ಲೇ ಹದಗೊಳ್ಳುವ ಇಲ್ಲಿನ ಬಿಯರ್ ಬೆಚ್ಚಗಿರುವುದಿಲ್ಲ. ನೆಲಮಾಳಿಗೆಯಲ್ಲಿ 11ರಿಂದ 13 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು, ಅದೇ ಸರಿಯಾದ ಹದ. ಬಾಟಲಿಯಲ್ಲಿ ಬರುವ ಲಾಗರ್ ಎಂಬ ಬಿಯರಿನಂತೆ ಹಲ್ಲು ಜುಮ್ಮೆನ್ನಿಸುವಷ್ಟು ತಣ್ಣಗೆ ಮಾಡಿದರೆ ರುಚಿಯೇ ಸತ್ತುಹೋಗುತ್ತದೆ. ಪೀಪಾಯಿಯೊಳಗೆ ಯೀಸ್ಟ್ ಇನ್ನೂ ಜೀವಂತವಾಗಿದ್ದು ಕೆಲಸ ಮಾಡುತ್ತಿರುತ್ತದೆ. ದೋಸೆ ಹಿಟ್ಟಿನ ಹಾಗೆ: ಹುಳಿ ಬಂದರೆ ಚೆಂದ, ಎರಡು ದಿನ ಹೆಚ್ಚು ಬಿಟ್ಟರೆ ಚೆಲ್ಲಬೇಕು. ಗುಳ್ಳೆ ಕಡಿಮೆ ಎನ್ನುವವರು ಅನಿಲ ತುಂಬಿದ ಬಿಯರಿಗೆ ನಾಲಿಗೆ ಒಗ್ಗಿಸಿಕೊಂಡವರು. ಇನ್ನೊಂದು ವಿಷಯ, ಸಸ್ಯಾಹಾರಿ ಸ್ನೇಹಿತರಿಗೆ ಮಾತ್ರ: ಇಂಥ ಬಿಯರನ್ನು ತಿಳಿಯಾಗಿಸಲು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಎಂಬ ಪದಾರ್ಥವನ್ನು ಹಾಕುವ ಪದ್ಧತಿ ಹಳೆಯದು. ಈಗ ಅದಿಲ್ಲದೆ ಮಾಡುವವರೂ ಇದ್ದಾರೆ, ಕೇಳಿ ಕುಡಿಯಿರಿ. ಮಡಿಯಿಂದ ಈರುಳ್ಳಿಯನ್ನೂ ಬಿಟ್ಟಿರುವ ನಮ್ಮ ಪೈಕಿ ಒಬ್ಬರಿಗೆ ಇದನ್ನು ಹೇಳಿದ ಮೇಲೆ ಅವರು ನನ್ನೊಂದಿಗೆ ಮಾತು ಬಿಟ್ಟಿದ್ದಾರೆ.

ಆದರೆ ಒಂದು ದೂರನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಒಳಗೆ ಕಾಲಿಟ್ಟಕೂಡಲೇ ಎಲ್ಲರೂ ತಿರುಗಿ ನೋಡಿದರು ಎಂದು ಕೆಲವರು ಬರೆಯುತ್ತಾರೆ. ಅದೇ ಪಬ್ಬಿನ ಬಗ್ಗೆ ಇನ್ನೊಬ್ಬರು, ಇಲ್ಲಿನ ಜನರಷ್ಟು ಸ್ನೇಹಮಯಿಗಳು ಎಲ್ಲೂ ಇಲ್ಲ ಎಂದಿರುತ್ತಾರೆ. ಎರಡೂ ನಿಜ. ಒಳಗೆ ಬಂದವರು ಯಾರು ಎಂಬುದರ ಮೇಲೆ ಅದು ನಿಂತಿದೆ. ಇಲ್ಲಿಂದ ಸ್ವಲ್ಪ ದೂರದ ಸ್ಮೆದಿಕ್‌ನಲ್ಲಿ, 60ರ ದಶಕದಲ್ಲಿ, ಎರಕದ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಪಂಜಾಬಿಗಳಿಗೆ ಕೆಲವು ಪಬ್ಬುಗಳ ಒಳ್ಳೆಯ ಕೋಣೆಯಲ್ಲಿ ಕೂರಲು ಬಿಡುತ್ತಿರಲಿಲ್ಲ. 1965ರ ಫೆಬ್ರವರಿಯಲ್ಲಿ ಅಮೆರಿಕದ ಕರಿಯರ ಹಕ್ಕುಗಳ ಹೋರಾಟಗಾರ ಮಾಲ್ಕಂ ಎಕ್ಸ್ ಆ ಊರಿಗೆ ಬಂದು ಬ್ಲೂ ಗೇಟ್ಸ್ ಎಂಬ ಪಬ್ಬಿಗೆ ಹೋದಾಗ ಅವರಿಗೂ ಅದೇ ಅನುಭವ. ಅದಾದ ಕೆಲವೇ ದಿನಗಳಲ್ಲಿ ನ್ಯೂಯಾರ್ಕಿನಲ್ಲಿ ಅವರ ಹತ್ಯೆಯಾಯಿತು. ಅದೇ ವರ್ಷ ಬಂದ ಜನಾಂಗ ಸಂಬಂಧಗಳ ಕಾಯಿದೆ ಪಬ್ಬಿನಂಥ ಸಾರ್ವಜನಿಕ ಜಾಗಗಳಲ್ಲಿ ಬಣ್ಣ ನೋಡಿ ಹೊರಗಿಡುವುದನ್ನು ನಿಷೇಧಿಸಿತು. ಮುಂದೆ ಈ ಸೀಮೆಯ ಎಷ್ಟೋ ಪಬ್ಬುಗಳನ್ನು ಪಂಜಾಬಿಗಳೇ ವಹಿಸಿಕೊಂಡರು. ಅವಕ್ಕೆ ದೇಸಿ ಪಬ್ ಎಂದೇ ಹೆಸರು. ಚರ್ರೆನ್ನುವ ಕಬ್ಬಿಣದ ತಟ್ಟೆಯಲ್ಲಿ ಮಿಕ್ಸ್‌ಡ್ ಗ್ರಿಲ್ ತಿನ್ನಲು ಬಿಳಿಯರು ದೂರದೂರದಿಂದ ಬರುತ್ತಾರೆ.

ಹೆಂಗಸರ ಕಥೆ ಇನ್ನೂ ನಿಧಾನ. 1975ರ ಲಿಂಗ ತಾರತಮ್ಯ ಕಾಯಿದೆ ಬರುವವರೆಗೂ ಹೆಣ್ಣೆಂಬ ಕಾರಣಕ್ಕೆ ಬಿಯರ್ ಕೊಡದೆ ಕಳುಹಿಸಬಹುದಿತ್ತು. ಕಾಯಿದೆ ಬಂದ ಮೇಲೂ ಲಂಡನ್ನಿನ ಫ್ಲೀಟ್ ಸ್ಟ್ರೀಟಿನ ಎಲ್ ವಿನೋ ಎಂಬ ವೈನ್ ಬಾರ್, ಹೆಂಗಸರು ಕೌಂಟರಿನಲ್ಲಿ ನಿಂತು ಕುಡಿಯುವಂತಿಲ್ಲ ಎಂದು ಹಟ ಹಿಡಿದಿತ್ತು. 1982ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿದ ಮೇಲೆಯೇ ಅದು ದಾರಿಗೆ ಬಂದದ್ದು. ಹಾಗಾಗಿ ಹಳೆಯ ಕಾಲವೇ ಚೆನ್ನಾಗಿತ್ತು ಎಂದು ಯಾರಾದರೂ ಐದು ನಕ್ಷತ್ರ ಕೊಟ್ಟಾಗ, ಯಾರಿಗೆ ಸ್ವಾಮಿ ಎಂದು ಕೇಳಬೇಕೆನಿಸುತ್ತದೆ. ನನಗಂತೂ ನಮ್ಮ ಪಬ್ಬಿನಲ್ಲಿ ಮೊದಮೊದಲು ಎಲ್ಲರ ಕಣ್ಣೂ ಬೆನ್ನಿಗೆ ನೆಟ್ಟಂತೆ ಇರುತ್ತಿತ್ತು. ಈಗ ನಾನು ಬಾಗಿಲು ತೆಗೆದರೆ ಒಬ್ಬರೂ ತಲೆ ಎತ್ತುವುದಿಲ್ಲ. ಇದಕ್ಕಿಂತ ದೊಡ್ಡ ಸ್ವಾಗತ ಬೇಡ.

ಇನ್ನು ಮಾಸಲಿನ ವಿಷಯ. ಚಾವಣಿಯ ಕಂದು ಬಣ್ಣವನ್ನು ಅಭಿಮಾನಿಯೊಬ್ಬರು ಕಾಲವೇ ಬಳಿದ ಬಣ್ಣ ಎಂದು ವರ್ಣಿಸಿದ್ದಾರೆ. ಕಾಲವಲ್ಲ, ನಿಕೋಟಿನ್. 2007ರ ಜುಲೈ 1ರಂದು ಇಂಗ್ಲೆಂಡಿನ ಪಬ್ಬುಗಳೊಳಗೆ ಧೂಮಪಾನ ನಿಂತಿತು. (ಕರ್ನಾಟಕದಲ್ಲಿ ಸಾರಾಯಿ ನಿಷೇಧ ಜಾರಿಯಾದದ್ದೂ ಅದೇ ದಿನ. ಅಲ್ಲಿ ಕುಡಿಯುವವರು, ಇಲ್ಲಿ ಸೇದುವವರು ಒಟ್ಟಿಗೆ ಅತ್ತಿರಬೇಕು.) ಅಂದಿನಿಂದ ಆ ಚಾವಣಿಗೆ ಬಣ್ಣ ಬಳಿದಿಲ್ಲ. ಬೆಂಚಿನ ರೆಕ್ಸಿನ್ ಹರಿದಲ್ಲೆಲ್ಲಾ ಕಪ್ಪು ಟೇಪು ಸುತ್ತಿದೆ. ಕಾರ್ಪೆಟ್ಟಿನ ಹೂಬಳ್ಳಿ ಬಾಗಿಲಿನಿಂದ ಕೌಂಟರಿನವರೆಗೆ ಸವೆದು ಅಡಿಯ ದಾರ ಕಾಣುತ್ತದೆ. ಕೌಂಟರಿನಿಂದ ಗಂಡಸರ ಶೌಚಾಲಯಕ್ಕೆ ಹೋಗುವ ದಾರಿಯಲ್ಲಿ ದಾರವೂ ಇಲ್ಲ. ಹೆಂಗಸರದು ಹಿತ್ತಲಿನಲ್ಲಿ, ಯಾರಿಗೋ ಆಮೇಲೆ ನೆನಪಾಗಿ ಕಟ್ಟಿಸಿದ್ದು. ಅದರ ಬಾಗಿಲಿಗೆ ಬಹಳ ಕಾಲ ಅಗುಳಿಯೇ ಇರಲಿಲ್ಲ. ಒಂದು ಕಾಲನ್ನು ಬಾಗಿಲಿಗೆ ಒತ್ತಿ ಹಿಡಿದು ಕೂರುವ ವಿದ್ಯೆಯನ್ನು ನಾನು ಕಲಿತದ್ದು ಈ ದೇಶದಲ್ಲಿ.

ಹಳೆಯದಾಗಿರುವುದು ಬೇರೆ, ಕೊಳಕಾಗಿರುವುದು ಬೇರೆ. ನಮ್ಮ ಪಬ್ಬಿನ ಒಡತಿ ನಡೆದಾಡುವಾಗ ಮಂಡಿ ಹಿಡಿದುಕೊಳ್ಳುವ ವಯಸ್ಸಿನವರು. ಗಂಡಾಗಲಿ ಹೆಣ್ಣಾಗಲಿ ಎಲ್ಲರನ್ನೂ ಇಲ್ಲಿನ ವಾಡಿಕೆಯಂತೆ ಬ್ಯಾಬ್ ಎಂದೇ ಮಾತಾಡಿಸುತ್ತಾರೆ. ವಾರಕ್ಕೊಮ್ಮೆ ಬಿಯರಿನ ಕೊಳವೆಗಳಿಗೆ ಔಷಧಿ ನೀರು ಹಾಯಿಸಿ ತೊಳೆಯುವುದನ್ನು ಅವರು ತಪ್ಪಿಸಿದ್ದನ್ನು ನಾನು ಕಂಡಿಲ್ಲ. ಬಾಗಿಲು ತೆಗೆಯುವ ಮುಂಚೆ ರಾತ್ರಿಯೆಲ್ಲಾ ಕೊಳವೆಯಲ್ಲಿ ನಿಂತಿದ್ದ ಬಿಯರನ್ನು ಪಂಪ್ ಎಳೆದು ಚೆಲ್ಲುತ್ತಾರೆ. ಆಮೇಲೆ ಒಂದು ಗುಟುಕಿನಷ್ಟು ಗ್ಲಾಸಿಗೆ ಬಿಟ್ಟು, ಕಿಟಕಿಯ ಬೆಳಕಿಗೆ ಹಿಡಿದು, ಮೂಸಿ, ಬಾಯಿಯಲ್ಲಿ ಹೊರಳಿಸಿ, ಸಿಂಕಿಗೆ ಉಗುಳುತ್ತಾರೆ. ಮುಖ ಗಂಟಿಕ್ಕಿದರೆ ಆ ಪಂಪಿನ ಮೇಲೆ ಗ್ಲಾಸನ್ನು ಬೋರಲು ಹಾಕುತ್ತಾರೆ. ಅಂದರೆ ಇವತ್ತು ಇದು ಇಲ್ಲ. ಅಲ್ಲಿನ ಮೈಲ್ಡ್ ಎಂಬ ಕಪ್ಪು ಬಿಯರ್, ಪ್ಲಾಸ್ಟಿಕ್ ಹಾಳೆ ಸುತ್ತಿಟ್ಟ ಚೀಸ್ ಈರುಳ್ಳಿಯ ಬನ್ನು, ಇಷ್ಟಕ್ಕೆ ನಾನು ಸಾಕ್ಷಿ ಹೇಳಬಲ್ಲೆ. ಆದರೆ ಅಗುಳಿಯಿಲ್ಲದ ಬಾಗಿಲನ್ನು ಪರಂಪರೆ ಎಂದು ಹೊಗಳಲು ನನ್ನಿಂದಾಗದು.

ಹಾಗಾದರೆ ಆ ಒಡತಿ ರಿಪೇರಿ ಯಾಕೆ ಮಾಡಿಸುವುದಿಲ್ಲ? ಹೊಗಳುವವರು ಈ ಪ್ರಶ್ನೆಯನ್ನೇ ಕೇಳುವುದಿಲ್ಲ. ಹರಿದ ರೆಕ್ಸಿನ್ ಅವರಿಗೆ ಅಲಂಕಾರ. ಇಂಥ ಪಬ್ಬುಗಳಲ್ಲಿ ಅನೇಕವು ನಡೆಸುವವರ ಸ್ವಂತದ್ದಲ್ಲ. ಕಟ್ಟಡ ಕಂಪನಿಯದು, ಗುತ್ತಿಗೆ ಇವರದು. ಬಾಡಿಗೆಯ ಜೊತೆಗೆ, ಬಿಯರನ್ನು ಆ ಕಂಪನಿ ಹೇಳಿದಲ್ಲಿಂದ ಅದು ಹೇಳಿದ ಬೆಲೆಗೇ ಕೊಳ್ಳಬೇಕೆಂಬ ಕರಾರು. ಹೊರಗೆ ಅದೇ ಪೀಪಾಯಿ ಅಗ್ಗಕ್ಕೆ ಸಿಕ್ಕರೂ ತರುವಂತಿಲ್ಲ. ಇದಕ್ಕೆ ಟೈ ಎನ್ನುತ್ತಾರೆ. ಎಷ್ಟೋ ಗುತ್ತಿಗೆಗಳಲ್ಲಿ ಸೂರಿನಿಂದ ಚರಂಡಿಯವರೆಗೆ ರಿಪೇರಿಯ ಹೊಣೆಯೂ ಬಾಡಿಗೆದಾರರ ತಲೆಗೇ. 2016ರಲ್ಲಿ ಬಂದ ಪಬ್ ಸಂಹಿತೆ ಈ ಕಟ್ಟಿನಿಂದ ಬಿಡಿಸಿಕೊಳ್ಳಲು ಒಂದು ದಾರಿ ಮಾಡಿಕೊಟ್ಟಿತಾದರೂ, ಅದು ಅನ್ವಯಿಸುವುದು 500 ಅಥವಾ ಅದಕ್ಕೂ ಹೆಚ್ಚು ಇಂಥ ಪಬ್ಬುಗಳಿರುವ ದೊಡ್ಡ ಕಂಪನಿಗಳಿಗೆ ಮಾತ್ರ.

ಇದರ ಮೇಲೆ ಪೀಪಾಯಿಯ ಲೆಕ್ಕ ಬೇರೆ. ಸಾಮಾನ್ಯವಾಗಿ ಬರುವುದು ಫರ್ಕಿನ್ ಎಂಬ 9 ಗ್ಯಾಲನ್ನಿನ ಪೀಪಾಯಿ, ಅಂದರೆ 72 ಪಿಂಟ್. ತೆರೆದ ಮೇಲೆ ಸುಮಾರು ಮೂರು ದಿನಗಳಲ್ಲಿ ಖಾಲಿಯಾಗಬೇಕು. ಆಮೇಲೆ ಅದು ವಿನೆಗರಿನ ದಾರಿ ಹಿಡಿಯುತ್ತದೆ. ಶನಿವಾರ ಜನ ಬಂದಾರು, ಸೋಮವಾರ ಮಂಗಳವಾರ ಯಾರು ಬರುತ್ತಾರೆ? ಮಾರಾಟವಿಲ್ಲದೆ ಬಿಯರ್ ಕೆಡುತ್ತದೆ, ಕೆಟ್ಟ ಬಿಯರ್ ಕುಡಿದವನು ಒಂದು ನಕ್ಷತ್ರ ಕೊಟ್ಟು ಹೋಗುತ್ತಾನೆ, ಅದನ್ನು ಓದಿದವರು ಬರುವುದಿಲ್ಲ, ಮಾರಾಟ ಇನ್ನೂ ಇಳಿಯುತ್ತದೆ. ಐದು ನಕ್ಷತ್ರದ ಅಭಿಮಾನಿ ಈ ಲೆಕ್ಕದಲ್ಲಿ ಎಲ್ಲಿದ್ದಾನೆ? ವರ್ಷಕ್ಕೊಮ್ಮೆ ರೈಲಿನಲ್ಲಿ ಬಂದು, ಅರ್ಧ ಪಿಂಟ್ ತೆಗೆದುಕೊಂಡು, ಕೆತ್ತನೆಯ ಗಾಜಿನ ಫೋಟೊ ಹೊಡೆದುಕೊಂಡು, ಏನನ್ನೂ ಮುಟ್ಟಬೇಡಿ ಎಂದು ಅಪ್ಪಣೆ ಕೊಡಿಸಿ ಹೋಗಿರುತ್ತಾನೆ. ಅವನ ಮನೆಯ ಶೌಚಾಲಯಕ್ಕೆ ಅಗುಳಿ ಇದ್ದೇ ಇರುತ್ತದೆ.

ನಮ್ಮ ಹತ್ತಿರದ ಹಿಮ್ಲಿಯ ಕ್ರೂಕೆಡ್ ಹೌಸ್ ಕಥೆ ನೀವೂ ಓದಿರಬಹುದು. ಕೆಳಗೆ ಗಣಿ ತೋಡಿದ್ದರಿಂದ ನೆಲ ಕುಸಿದು ವಾಲಿ ನಿಂತಿದ್ದ ಪಬ್ ಅದು. ಮೇಜಿನ ಮೇಲೆ ಇಟ್ಟ ಗೋಲಿ ಏರಿನ ಕಡೆಗೆ ಉರುಳುವಂತೆ ಕಾಣುತ್ತಿತ್ತು. ಬಿಯರ್ ಕಂಪನಿ ಅದನ್ನು ಮಾರಿತು. 2023ರ ಆಗಸ್ಟ್ 5ರ ರಾತ್ರಿ ಬೆಂಕಿ ಬಿತ್ತು, ಎರಡು ದಿನಗಳಲ್ಲಿ ಯಂತ್ರ ಬಂದು ನೆಲಸಮ ಮಾಡಿತು. ದೇಶವೇ ಕೆರಳಿತು. ಇದ್ದ ಹಾಗೆಯೇ ಮತ್ತೆ ಕಟ್ಟಿಕೊಡಿ ಎಂದು 2024ರಲ್ಲಿ ಸ್ಥಳೀಯ ಮಂಡಳಿ ಮಾಲೀಕರಿಗೆ ಆದೇಶ ಕೊಟ್ಟಿತು. ಕೆಡವಿದ್ದು ಖಂಡಿತ ತಪ್ಪು. ಆದರೆ ಆ ವಾರ ನನ್ನ ಕಚೇರಿಯಲ್ಲಿ ಕಣ್ಣೀರು ಹಾಕಿದವರನ್ನೆಲ್ಲಾ, ಕೊನೆಯ ಬಾರಿ ಅಲ್ಲಿಗೆ ಹೋದದ್ದು ಯಾವಾಗ ಎಂದು ಕೇಳಿದೆ. ಶಾಲೆಯಲ್ಲಿದ್ದಾಗ ಅಪ್ಪ ಕರೆದುಕೊಂಡು ಹೋಗಿದ್ದರು ಎಂಬುದೇ ಹೆಚ್ಚಿನವರ ಉತ್ತರ. 2000ದ ಹೊತ್ತಿಗೆ ಬ್ರಿಟನ್ನಿನಲ್ಲಿ ಸುಮಾರು 60,000 ಪಬ್ಬುಗಳಿದ್ದವು, ಈಗ 45,000ದ ಆಸುಪಾಸು. ಮುಚ್ಚಿದವುಗಳಲ್ಲಿ ಹೆಚ್ಚಿನವಕ್ಕೆ ಬೆಂಕಿಯೂ ಬೀಳಲಿಲ್ಲ, ಸುದ್ದಿಯೂ ಆಗಲಿಲ್ಲ.

ನಮ್ಮ ಪಬ್ಬಿನ ಒಡತಿ ಈ ಅಭಿಪ್ರಾಯಗಳನ್ನು ಓದುವುದಿಲ್ಲ. ಮಗಳು ಓದಿ ಹೇಳುತ್ತಾಳೆ. ಹೊಗಳಿಕೆಗೆ ಹೂಂ ಎಂದು ಗ್ಲಾಸು ಒರೆಸುತ್ತಿರುತ್ತಾರಂತೆ. ಹೋದ ಚಳಿಗಾಲದಲ್ಲಿ ಯಾರೋ ಹೆಂಗಸೊಬ್ಬರು ಒಂದೇ ನಕ್ಷತ್ರ ಕೊಟ್ಟು, ಬಿಯರ್ ಚೆನ್ನಾಗಿದೆ, ಆದರೆ ಶೌಚಾಲಯಕ್ಕೆ ಅಗುಳಿಯಿಲ್ಲ, ಸೋಪಿಲ್ಲ, ದೀಪ ಮಿಣುಕುತ್ತದೆ, ಇನ್ನೊಮ್ಮೆ ಬರುವುದಿಲ್ಲ ಎಂದು ಬರೆದರು. ನಾನಲ್ಲ, ಆಣೆ ಮಾಡಿ ಹೇಳುತ್ತೇನೆ. ಇಷ್ಟು ವರ್ಷ ಬಾಗಿಲಿಗೆ ಕಾಲು ಕೊಟ್ಟು ಕೂತ ನಾವ್ಯಾರೂ ಬಾಯಿ ಬಿಟ್ಟಿರಲಿಲ್ಲ. ಅದನ್ನು ಕೇಳಿಸಿಕೊಂಡ ವಾರದಲ್ಲೇ ಬಾಗಿಲಿಗೆ ಹೊಳೆಯುವ ಸ್ಟೀಲ್ ಅಗುಳಿ ಬಂತು, ಸೋಪು ಬಂತು, ಬಿಳಿ ಎಲ್‌ಇಡಿ ದೀಪವೂ ಬಂತು. ಮೊನ್ನೆ ಅಭಿಮಾನಿಯೊಬ್ಬರು ಆ ದೀಪವನ್ನು ನೋಡಿ, ಈ ಪಬ್ ತನ್ನ ಹಳೆಯ ಸೊಗಸನ್ನು ಕಳೆದುಕೊಳ್ಳುತ್ತಿದೆ ಎಂದು ಮರುಗಿ ನಾಲ್ಕೇ ನಕ್ಷತ್ರ ಕೊಟ್ಟಿದ್ದಾರೆ. ಮಗಳು ಅದನ್ನು ಓದಿ ಹೇಳಿದಾಗ ನಾನು ಅಲ್ಲೇ ಇದ್ದೆ. ಒಡತಿ ಕೇಳಿದ್ದು ಒಂದೇ ಮಾತು: ಅವನು ಎಷ್ಟು ಕುಡಿದ?