ಅಮ್ಮನಿಗೆ “16 ಗಂಟೆ ಅಷ್ಟೇ” ಅನ್ನಬೇಡಿ

ನಿನ್ನೆ ಅರಸೀಕೆರೆಯಲ್ಲಿ ಅಕ್ಕನ ಮನೆ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ನೆಂಟರೊಬ್ಬರು ಫೋನ್ ತೆಗೆದು ಅಮ್ಮನ ಮುಂದೆ ಹಿಡಿದರು. “ನೋಡಿ ಅತ್ತೆ, ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 14,000 ಕಿಲೋಮೀಟರ್. ನೇರ ವಿಮಾನ ಆದ್ರೆ 16 ಗಂಟೆ ಅಷ್ಟೇ. ಮಗ ಪಕ್ಕದ ಬೀದೀಲಿ ಇದ್ದಂಗೆ!”

ಅಮ್ಮ ಮಾತಾಡಲಿಲ್ಲ. ಎಲೆಯ ಮೇಲಿನ ಪಾಯಸವನ್ನು ಬೆರಳಲ್ಲಿ ಸರಿಸುತ್ತಾ ಕೂತಳು. ಆಗಿನಿಂದ ನನಗೆ ಮೈ ಉರಿಯುತ್ತಿದೆ. ಶುಭಕಾರ್ಯದ ಮನೆ ಅಂತ ಸುಮ್ನಿದ್ದೆ.

16 ಗಂಟೆ ಯಾರಿಗೆ? ವಿಮಾನಕ್ಕೆ. ಅಮ್ಮ ಹೊರಡುವುದು ಮನೆ ಬಾಗಿಲಿಂದ. ತಿಪಟೂರು, ತುಮಕೂರು, ದಾಬಸ್‌ಪೇಟೆ, ದೊಡ್ಡಬಳ್ಳಾಪುರ ದಾಟಿ ದೇವನಹಳ್ಳಿ ಮುಟ್ಟಲು ನಾಲ್ಕು ಗಂಟೆ. ಅಲ್ಲಿ ಮೂರು ಗಂಟೆ ಮೊದಲೇ ಇರಬೇಕು. ಇಳಿದ ಮೇಲೆ ಇಮಿಗ್ರೇಷನ್ ಸಾಲು, ಲಗೇಜು, ಮತ್ತೆ ನಾನಿರುವ ಫ್ರೀಮಾಂಟ್‌ವರೆಗೆ ಕಾರು. 25 ಗಂಟೆ ದಾಟುತ್ತದೆ, ಅದೂ 72 ವರ್ಷದ ಮಂಡಿಗಳಿಗೆ. ಕಳೆದ ಸಲ ಬಂದಾಗ ಪಾದ ಊದಿ ಚಪ್ಪಲಿ ಹಿಡಿಯಲೇ ಇಲ್ಲ. ಚಪ್ಪಲಿಯನ್ನು ತೊಡೆ ಮೇಲಿಟ್ಟುಕೊಂಡು ವೀಲ್‌ಚೇರಲ್ಲಿ ಹೊರಗೆ ಬಂದಳು.

ಮೊದಲಿಗಿಂತ ಸುಲಭ ಅಲ್ವಾ ಅನ್ನುತ್ತೀರಿ. ಹೌದು. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಜೊತೆಯ ಹೆಣ್ಣುಮಕ್ಕಳೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲಿಂದ ವಿಮಾನ ಹಾರಿಸಿಕೊಂಡು ನೇರ ಬೆಂಗಳೂರಿಗೆ ಬಂದಾಗ ನನಗೆ ಕಣ್ತುಂಬಿ ಬಂದಿತ್ತು. 9ರ ಶನಿವಾರ ರಾತ್ರಿ ಹೊರಟಿದ್ದು 11ರ ಸೋಮವಾರ ನಸುಕಿಗೆ ಇಳಿಯಿತು. “ಮಧ್ಯದ ಭಾನುವಾರ ಎಲ್ಲಿ ಹೋಯ್ತು ಮಗಾ?” ಅಂದಿದ್ದಳು ಅಮ್ಮ. ಅಮೆರಿಕ ಪಶ್ಚಿಮಕ್ಕಿರುವಾಗ ವಿಮಾನ ಯಾಕೆ ಉತ್ತರಕ್ಕೆ ಹೋಗುತ್ತೆ ಅಂತಲೂ ಕೇಳಿದಳು. ಒಂದು ಸಲ ಊರಿಗೆ ಬಂದಾಗ ಸುಲಿದ ತೆಂಗಿನಕಾಯಿ ತಂದು, ಅದರ ಮೇಲೆ ಹೂ ಕಟ್ಟುವ ದಾರ ಬಿಗಿಯಾಗಿ ಎಳೆದು ತೋರಿಸಿದೆ. ದಾರ ತಾನಾಗೇ ಮೇಲಕ್ಕೆ ಜಾರಿ ಜುಟ್ಟಿನ ಹತ್ತಿರ ನಿಂತಿತು. ಗುಂಡಗಿರುವ ಭೂಮಿಯಲ್ಲಿ ಅದೇ ಹತ್ತಿರದ ದಾರಿ. ಅಮ್ಮ ಆ ದಾರವನ್ನು ಬೆರಳಲ್ಲಿ ಸವರಿ ಅಂದಳು, “ಹತ್ತಿರದ್ದೇ ಇಷ್ಟುದ್ದನಾ?”

ಇದಕ್ಕೆ ಏನು ಹೇಳುತ್ತೀರಿ?

ಒಂದು ಮಾತು ಒಪ್ಪಿಕೊಳ್ಳಬೇಕು. ಮೊದಲ ಸಲ ಹೊರಟಾಗ ನಾನೂ ಹಾಗೇ ಹೇಳಿದ್ದೆ. “ಧರ್ಮಸ್ಥಳದ ರಾತ್ರಿ ಬಸ್ ಹತ್ತಿದ ಹಾಗೆ ಅಮ್ಮ, ಕರೆದರೆ ಬಂದುಬಿಡ್ತೀನಿ.” ಅವಳು ನಂಬಿದಳು. ಅಪ್ಪ ಹೋದ ದಿನ ನೇರ ವಿಮಾನ ಇರಲಿಲ್ಲ. ಇನ್ನೆಲ್ಲೋ ಇಳಿದು ಹತ್ತಿ ಮನೆ ಮುಟ್ಟಲು 31 ಗಂಟೆ. ಅಷ್ಟರಲ್ಲಿ ಎಲ್ಲಾ ಮುಗಿಸಿ ಅಂಗಳ ತೊಳೆದಿದ್ದರು. ಅಮ್ಮ ಇವತ್ತಿಗೂ ಅದನ್ನು ಎತ್ತಾಡಿಲ್ಲ.

ಭಾನುವಾರ ನಾನು ವಾಪಸ್ ಹೊರಡುತ್ತೇನೆ. ಆ ನೆಂಟರು ಇದನ್ನು ಓದುತ್ತಿದ್ದರೆ ಒಂದೇ ಕೋರಿಕೆ. ಅಮ್ಮನಿಗೆ ಇನ್ನು ಗಂಟೆಯ ಲೆಕ್ಕ ಹೇಳಬೇಡಿ. ನಿಮ್ಮ ಮನೆಯಿಂದ ಅವಳ ಮನೆಗೆ ಐದು ನಿಮಿಷ. ಸೋಮವಾರ ಸಂಜೆ ಹೋಗಿ ಒಂದು ಲೋಟ ಕಾಫಿ ಕುಡಿದು ಬನ್ನಿ.