ಹಿಮದ ಕಿಟ್ ಕೊಳ್ಳುವ ಮುಂಚೆ ಕುಯ್ಲಿನ ತಿಂಗಳು ಎಣಿಸಿ

ಡರ್ಟ್ ಬೈಕನ್ನು ಹಿಮದಲ್ಲಿ ಓಡಿಸುವ ಕಿಟ್ ಬಗ್ಗೆ ನಮ್ಮ ಕಡೆ ಹುಡುಗರು ಈಗ ತುಂಬಾ ಕೇಳುತ್ತಿದ್ದಾರೆ. ಮೂಡಿಗೆರೆ, ಆಲ್ದೂರು, ಸಕಲೇಶಪುರ, ಎಲ್ಲ ಕಡೆಯಿಂದಲೂ ಅದೇ ವಿಡಿಯೋ, ಅದೇ ಪ್ರಶ್ನೆ. ಮುಂದೆ ಚಕ್ರದ ಬದಲು ಒಂದು ಸ್ಕೀ, ಹಿಂದೆ ಉದ್ದನೆಯ ರಬ್ಬರ್ ಟ್ರ್ಯಾಕ್, ಸುತ್ತಲೂ ಸೊಂಟದವರೆಗೆ ಹಿಮ. ಬೈಕ್ ಅದರ ಮೇಲೆ ತೇಲಿಕೊಂಡು ಹೋಗುತ್ತದೆ. "ಕಿಟ್ ಐದು ಲಕ್ಷ ಅಂತೆ ಅಣ್ಣ, ನಾಲ್ಕು ಜನ ಸೇರಿ ತರಿಸಿಬಿಡೋಣ್ವಾ?"

ಐದು ಲಕ್ಷದ ಕಿಟ್ ಐದು ಲಕ್ಷಕ್ಕೆ ಬರುವುದಿಲ್ಲ. ಬಂದರೂ ನಮ್ಮ ಕಡೆಯ ಕಾಫಿ ಬೆಳೆಗಾರನಿಗೆ ಅದನ್ನು ಓಡಿಸೋಕೆ ದಿನ ಸಿಗುವುದಿಲ್ಲ. ನಾನು ಹೇಳಬೇಕಾದ್ದು ಇಷ್ಟೇ. ಆದರೆ ಸುಮ್ನೆ "ಬೇಡ" ಅಂದರೆ ಯಾರೂ ಕೇಳಲ್ಲ, ಕೇಳಬೇಕಾಗಿಯೂ ಇಲ್ಲ. ಅದಕ್ಕೇ ಲೆಕ್ಕ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಆ ಯಂತ್ರಕ್ಕೆ ಸಲ್ಲಬೇಕಾದ ಮರ್ಯಾದೆ ಸಲ್ಲಲಿ. ತುಂಬಾ ಬುದ್ಧಿವಂತಿಕೆಯ ಕೆಲಸ ಅದು. ಹಿಂದಿನ ಚಕ್ರ, ಅದನ್ನು ಹಿಡಿದಿರುವ ಸ್ವಿಂಗ್ ಆರ್ಮ್, ಶಾಕ್ ಅಬ್ಸಾರ್ಬರ್ ಮೂರನ್ನೂ ಬಿಚ್ಚುತ್ತಾರೆ. ಆ ಜಾಗಕ್ಕೆ ಟ್ರ್ಯಾಕ್ ಇರುವ ಟನಲ್, ಅಂದರೆ ಟ್ರ್ಯಾಕನ್ನು ಮೇಲಿಂದ ಮುಚ್ಚುವ ಲೋಹದ ಗೂಡು, ಬಂದು ಕೂರುತ್ತದೆ. ಎಂಜಿನ್ ಸ್ಪ್ರಾಕೆಟ್‌ನಿಂದ ಚೈನ್ ಕಿಟ್‌ನ ಒಂದು ಶಾಫ್ಟ್‌ಗೆ ಹೋಗುತ್ತದೆ, ಅಲ್ಲಿಂದ ಟ್ರ್ಯಾಕ್ ತಿರುಗುತ್ತದೆ. ಬ್ರೇಕ್ ಡಿಸ್ಕ್ ಕೂಡ ಕಿಟ್‌ನಲ್ಲೇ ಇರುತ್ತದೆ. ಮುಂದಿನ ಫೋರ್ಕ್‌ಗೆ ಸ್ಕೀ. ಗದ್ದೆ ಕೆಸರಿಗೆ ಇಳಿಸುವಾಗ ಟಿಲ್ಲರ್‌ಗೆ ಕೇಜ್ ವೀಲ್ ಹಾಕುತ್ತೀವಲ್ಲ, ಅದೇ ಯೋಚನೆ ಇದು: ಭಾರವನ್ನು ಹೆಚ್ಚು ಜಾಗಕ್ಕೆ ಹರಡಿದರೆ ಹೂತುಹೋಗುವುದಿಲ್ಲ. ಟ್ರ್ಯಾಕ್‌ಗಳು ಸಾಮಾನ್ಯವಾಗಿ 120 ಇಂಚಿನಿಂದ 137 ಇಂಚು ಉದ್ದ ಇರುತ್ತವೆ. ಮೇಲೆ ಎರಡು ಇಂಚಿಗೂ ಎತ್ತರದ ರಬ್ಬರ್ ಹಲ್ಲುಗಳು. ಅಮೆರಿಕದ ಐಡಹೊ ರಾಜ್ಯದ ಟಿಂಬರ್‌ಸ್ಲೆಡ್ ಕಂಪನಿ ಇದರಲ್ಲಿ ಹೆಸರು ಮಾಡಿತ್ತು. 2015ರಲ್ಲಿ ಅದನ್ನು ಹಿಮದ ಗಾಡಿ ಮಾಡುವ ಪೊಲಾರಿಸ್ ಕಂಪನಿ ಕೊಂಡಿತು. ವಿಂಟರ್ ಎಕ್ಸ್ ಗೇಮ್ಸ್ ಅನ್ನುವ ಚಳಿಗಾಲದ ಸಾಹಸ ಕ್ರೀಡಾಕೂಟಕ್ಕೆ 2017ರಲ್ಲಿ ಸ್ನೋ ಬೈಕ್, ಅಂದರೆ ಈ ಕಿಟ್ ಹಾಕಿದ ಬೈಕ್‌ಗಳ ರೇಸ್ ಕೂಡ ಸೇರಿತು. ಹೋಗಲಿ, ಲೆಕ್ಕಕ್ಕೆ ಬರೋಣ.

ಹೊಸ ಕಿಟ್‌ಗೆ ಅಲ್ಲಿ ಸುಮಾರು 5ರಿಂದ 8 ಸಾವಿರ ಡಾಲರ್. ನೀವು ಕೇಳಿದ ಐದು ಲಕ್ಷ ಇಲ್ಲಿಂದ ಬಂದದ್ದು. ಆದರೆ ಕಿಟ್ ಒಂದೇ ಬಂದರೆ ಬೈಕಿಗೆ ಕೂರುವುದಿಲ್ಲ. ನಿಮ್ಮ ಬೈಕಿನ ಮಾಡೆಲ್ ಮತ್ತು ವರ್ಷಕ್ಕೆ ಸರಿಯಾದ ಫಿಟ್ ಕಿಟ್ ಬೇರೆ ಕೊಳ್ಳಬೇಕು. ಅದಕ್ಕೆ ಇನ್ನೂ ಕೆಲವು ನೂರು ಡಾಲರ್. ಆಮೇಲೆ ದೊಡ್ಡ ಮರದ ಪೆಟ್ಟಿಗೆಯಲ್ಲಿ ಬರುವ ಸಾಗಣೆ ಖರ್ಚು, ಕಸ್ಟಮ್ಸ್ ಸುಂಕ, ಸುಂಕ ಸೇರಿಸಿದ ಮೊತ್ತದ ಮೇಲೆ ಜಿಎಸ್‌ಟಿ. ನನ್ನ ಅಂದಾಜಿನಲ್ಲಿ ಅದು ಚಿಕ್ಕಮಗಳೂರಿನ ಶೆಡ್ಡಿಗೆ ಬಂದು ಇಳಿಯುವಾಗ ಎಂಟು ಲಕ್ಷದ ಆಸುಪಾಸಿಗೆ ಹೋಗಿರುತ್ತದೆ.

ಈಗ ಬೈಕ್. ಇಲ್ಲೇ ಎಷ್ಟೋ ಜನ ಎಡವುವುದು. "ನನ್ನ ಎಕ್ಸ್‌ಪಲ್ಸ್‌ಗೆ ಹಾಕೋಣ" ಅಂತಾರೆ. ಎಕ್ಸ್‌ಪಲ್ಸ್ ನನಗೂ ಇಷ್ಟದ ಬೈಕ್. ನಮ್ಮ ಎಸ್ಟೇಟ್ ದಾರಿಗೆ ಅದಕ್ಕಿಂತ ಒಳ್ಳೆಯದು ಆ ಬೆಲೆಗೆ ಸಿಗಲ್ಲ. ಆದರೆ ಅದರ 200 ಸಿಸಿ ಮಾಡೆಲ್‌ನ ಶಕ್ತಿ 19 ಎಚ್‌ಪಿ ಹತ್ತಿರ, ತೂಕ 150 ಕೆಜಿಗೂ ಜಾಸ್ತಿ. ಈ ಕಿಟ್‌ಗಳನ್ನು ಮಾಡಿರುವುದು 50 ಎಚ್‌ಪಿ ದಾಟುವ, 110 ಕೆಜಿ ಹತ್ತಿರದ 450 ಸಿಸಿ ಮೋಟೋಕ್ರಾಸ್ ಬೈಕ್‌ಗಳಿಗೆ. ಟ್ರ್ಯಾಕ್ ತಿರುಗಿಸುವುದಕ್ಕೇ ಶಕ್ತಿಯಲ್ಲಿ ದೊಡ್ಡ ಪಾಲು ಹೋಗುತ್ತದೆ. ಹಿಮ ಆಳ ಇದ್ದರೆ ದಿನವಿಡೀ ಥ್ರಾಟಲ್ ಪೂರ್ತಿ ತಿರುವಿಯೇ ಓಡಿಸಬೇಕು. ಅದರ ಮೇಲೆ ಎತ್ತರ. ಇಂಥ ಹಿಮಕ್ಕೆ ನಾವು ಹೋಗಬೇಕಾದ ಕಾಶ್ಮೀರದ ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿ ತುದಿಯೇ 1,930 ಮೀಟರ್. ಅಂದರೆ ಅಲ್ಲಿ ಊರು ಶುರುವಾಗುವ ಜಾಗವೇ ಕರ್ನಾಟಕದ ಅತಿ ಎತ್ತರದ ಬೆಟ್ಟಕ್ಕಿಂತ 700 ಮೀಟರ್ ಮೇಲೆ. ಸಮುದ್ರ ಮಟ್ಟಕ್ಕೆ ಹೋಲಿಸಿದರೆ ಗಾಳಿ ಕಾಲು ಭಾಗದಷ್ಟು ತೆಳು. ಎಂಜಿನ್ ಅಷ್ಟೇ ಸೊರಗುತ್ತದೆ.

ಹಾಗಾದರೆ 450 ಬೇಕು. 2024ರ ನವೆಂಬರ್‌ನಲ್ಲಿ ಕೆಟಿಎಂ ತನ್ನ ಮೋಟೋಕ್ರಾಸ್ ಬೈಕ್‌ಗಳನ್ನು ಇಲ್ಲಿ ಬಿಡುಗಡೆ ಮಾಡಿದಾಗ 450 ಎಸ್‌ಎಕ್ಸ್-ಎಫ್ ಬೆಲೆ ಎಕ್ಸ್ ಶೋರೂಮ್ 10.25 ಲಕ್ಷ ಇತ್ತು. ಅದು ರೇಸ್ ಬೈಕ್, ರಸ್ತೆಗೆ ರಿಜಿಸ್ಟ್ರೇಷನ್ ಆಗಲ್ಲ. ಪಿಕಪ್‌ನಲ್ಲಿ ಹೇರಿಕೊಂಡೇ ಹೋಗಬೇಕು. ರಿಜಿಸ್ಟ್ರೇಷನ್ ಇರುವ ಬೈಕಿಗೆ ಹಾಕ್ತೀವಿ ಅಂದರೆ, ಕಂಪನಿ ಕೊಟ್ಟ ಮೂಲ ವಿನ್ಯಾಸ ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಟ್ರ್ಯಾಕ್ ಹಾಕಿದ ಬೈಕನ್ನು ರಸ್ತೆಗೆ ಇಳಿಸುವ ಮಾತೇ ಇಲ್ಲ.

ಕಿಟ್ ಮತ್ತು ಬೈಕ್ ಸೇರಿ 18 ಲಕ್ಷ ಆಯ್ತಾ? ಇನ್ನು ಯಾರೂ ಹೇಳದ ಸಣ್ಣ ಸಣ್ಣ ಖರ್ಚುಗಳು. ನನಗೆ ಇವೇ ಮುಖ್ಯ ಅನಿಸುತ್ತವೆ, ಯಾಕೆಂದರೆ ಎಂಜಿನ್ ಸಾಯುವುದು ಇವನ್ನು ಬಿಟ್ಟಾಗ. ನಮ್ಮಲ್ಲಿ ಎಂಜಿನ್ ಬಿಸಿ ಆಗುವುದೇ ಚಿಂತೆ. ಅಲ್ಲಿ ಉಲ್ಟಾ. ಪುಡಿ ಹಿಮ ರೇಡಿಯೇಟರ್‌ಗೆ ಬಡಿಯುತ್ತಾ ಇರುತ್ತದೆ, ಎಂಜಿನ್ ಬೇಕಾದ ಶಾಖಕ್ಕೆ ಏರುವುದೇ ಇಲ್ಲ. ತಣ್ಣಗಿನ ಎಂಜಿನ್‌ನಲ್ಲಿ ತೇವ ಆಯಿಲ್‌ಗೆ ಸೇರಿ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ ಥರ್ಮೋಸ್ಟಾಟ್ ಕಿಟ್ ಹಾಕಬೇಕು, ರೇಡಿಯೇಟರ್‌ಗೆ ಮುಚ್ಚಿಗೆ ಬೇಕು, ಆಯಿಲ್ ಬೇಗ ಬೇಗ ಬದಲಿಸಬೇಕು. ಏರ್ ಬಾಕ್ಸ್‌ಗೆ ಹಿಮ ಹೀರಿಕೊಂಡರೆ ಫಿಲ್ಟರ್ ಕಟ್ಟಿ ಬೈಕ್ ನಿಲ್ಲುತ್ತದೆ, ಆದ್ದರಿಂದ ಹಿಮಕ್ಕೆಂದೇ ಮಾಡಿದ ಇನ್‌ಟೇಕ್ ಬೇಕು. ಕಾರ್ಬ್ಯುರೇಟರ್ ಬೈಕ್ ಆದರೆ ಜೆಟ್ಟಿಂಗ್, ಅಂದರೆ ಗಾಳಿಗೆ ಪೆಟ್ರೋಲ್ ಸೇರುವ ಅಳತೆ, ಹೊಸದಾಗಿ ಮಾಡಬೇಕು. ಚಳಿಗೆ ಒಂದು ಕಡೆ, ಎತ್ತರಕ್ಕೆ ಇನ್ನೊಂದು ಕಡೆ ಎಳೆಯುತ್ತದೆ, ಅನುಭವ ಇಲ್ಲದವರ ಕೈಗೆ ಅದು ಸಿಗುವುದಿಲ್ಲ. ಮುಂದಿನ ಫೋರ್ಕ್‌ಗೆ ಗಟ್ಟಿ ಸ್ಪ್ರಿಂಗ್. ಕೈಗೆ ಬಿಸಿ ಗ್ರಿಪ್. ಬಿಸಿ ಗ್ರಿಪ್‌ಗೆ ಕರೆಂಟ್ ಸಾಲದಿದ್ದರೆ ಕರೆಂಟ್ ಹುಟ್ಟಿಸುವ ಸ್ಟೇಟರ್ ಬದಲಿಸಬೇಕು. ಕ್ಲಚ್ ಪ್ಲೇಟ್‌ಗಳು ಮಣ್ಣಿನಲ್ಲಿ ಬಾಳುವಷ್ಟು ಕಾಲ ಇಲ್ಲಿ ಬಾಳುವುದಿಲ್ಲ. ಮೋಟೋಕ್ರಾಸ್ ಎಂಜಿನ್‌ನ ಆಯಸ್ಸನ್ನು ಗಂಟೆಯಲ್ಲಿ ಎಣಿಸುತ್ತಾರೆ, ಕಿಲೋಮೀಟರ್‌ನಲ್ಲಿ ಅಲ್ಲ. ಹಿಮದ ಒಂದೊಂದು ಗಂಟೆಯೂ ಭಾರದ ಗಂಟೆ. ಪಿಸ್ಟನ್ ಕೆಲಸ ಬೇಗನೆ ಬರುತ್ತದೆ.

ಇಷ್ಟಾದ ಮೇಲೂ ಬಿಟ್ಟುಬಿಡುವಂತಿಲ್ಲದ ಇನ್ನೊಂದು ಖರ್ಚಿದೆ. ಹಿಮಕುಸಿತ. ಸ್ನೋ ಬೈಕ್‌ನ ಆಕರ್ಷಣೆಯೇ ಬೇರೆ ಯಾರೂ ಹೋಗದ ಇಳಿಜಾರಿಗೆ ಹೋಗುವುದು, ಹಿಮ ಜಾರುವುದೂ ಅಂಥ ಇಳಿಜಾರಿನಲ್ಲೇ. 2023ರ ಫೆಬ್ರವರಿ 1ರಂದು ಗುಲ್ಮಾರ್ಗ್‌ನ ಅಫರ್ವತ್ ಇಳಿಜಾರಿನಲ್ಲಿ ಹಿಮ ಕುಸಿದು ಪೋಲೆಂಡ್‌ನಿಂದ ಬಂದಿದ್ದ ಇಬ್ಬರು ಸ್ಕೀ ಪ್ರವಾಸಿಗರು ತೀರಿಕೊಂಡರು. ಹೂತುಹೋದವರನ್ನು ಮೊದಲ ಹತ್ತು, ಹದಿನೈದು ನಿಮಿಷದಲ್ಲಿ ಹೊರಗೆ ತೆಗೆಯದಿದ್ದರೆ ಉಳಿಯುವ ಆಸೆ ಬೇಗ ಇಳಿದುಹೋಗುತ್ತದೆ. ಆ ಹೊತ್ತಿನಲ್ಲಿ ಪೊಲೀಸರಾಗಲಿ ಸೇನೆಯವರಾಗಲಿ ತಲುಪೋಕೆ ಆಗಲ್ಲ. ತೆಗೆಯಬೇಕಾದವರು ಜೊತೆಯಲ್ಲಿ ಬಂದವರೇ. ಅದಕ್ಕೆ ಪ್ರತಿಯೊಬ್ಬರ ಹತ್ತಿರ ಹೂತವರನ್ನು ರೇಡಿಯೋ ಸಿಗ್ನಲ್‌ನಿಂದ ಹುಡುಕುವ ಟ್ರಾನ್ಸೀವರ್, ಹಿಮಕ್ಕೆ ಚುಚ್ಚಿ ನೋಡುವ ಉದ್ದ ಪ್ರೋಬ್ ಕಡ್ಡಿ, ಸಲಿಕೆ ಇರಬೇಕು, ಸಾಧ್ಯವಾದರೆ ಹಿಮದ ಮೇಲೆಯೇ ತೇಲಿಸೋಕೆ ಉಬ್ಬುವ ಏರ್‌ಬ್ಯಾಗ್ ಇರುವ ಬೆನ್ನುಚೀಲ ಕೂಡ. ಅವನ್ನು ಬಳಸುವ ತರಬೇತಿಯೂ ಬೇಕು. ನಾಲ್ಕು ಜನ ಸೇರಿ ಒಂದು ಕಿಟ್ ಕೊಳ್ಳಬಹುದು. ನಾಲ್ಕು ಜನ ಸೇರಿ ಒಂದು ಟ್ರಾನ್ಸೀವರ್ ಕೊಳ್ಳೋಕೆ ಆಗಲ್ಲ. ನನ್ನನ್ನು ಕೇಳಿದ ಯಾರ ಲೆಕ್ಕದಲ್ಲೂ ಈ ಸಾಲು ಇರಲಿಲ್ಲ. ನನಗೆ ನಿಜವಾಗಿ ಭಯ ಆಗಿದ್ದು ಅದಕ್ಕೇ.

ಈಗ ದಿನದ ಮಾತು. ಕಿಟ್‌ನ ನಿಜವಾದ ಬೆಲೆ ತಿಳಿಯಬೇಕಾದರೆ ಅದನ್ನು ಓಡಿಸುವ ದಿನಗಳಿಂದ ಭಾಗಿಸಬೇಕು. ಐಡಹೊದಲ್ಲೋ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲೋ ಇರುವವನಿಗೆ ಮನೆ ಹಿಂದೆಯೇ ಹಿಮ. ಡಿಸೆಂಬರ್‌ನಲ್ಲಿ ಕಿಟ್ ಹಾಕಿ ಏಪ್ರಿಲ್‌ನಲ್ಲಿ ತೆಗೆಯುತ್ತಾನೆ. ಬೇಸಿಗೆಯಲ್ಲಿ ಅದೇ ಬೈಕಿಗೆ ಚಕ್ರ ಹಾಕಿ ಮಣ್ಣಿನಲ್ಲಿ ಓಡಿಸುತ್ತಾನೆ. ಹಿಮಕ್ಕೆಂದೇ ಮಾಡಿದ ಹೊಸ ಗಾಡಿಗೆ (ಸ್ನೋಮೊಬೈಲ್) ಕೊಡುವ ದುಡ್ಡಿಗಿಂತ ಕಡಿಮೆಯಲ್ಲಿ ಎರಡು ಗಾಡಿ ಆದ ಹಾಗೆ. ಅವನ ಮಟ್ಟಿಗೆ ಆ ಕಿಟ್ ಒಳ್ಳೆಯ ವ್ಯಾಪಾರ, ಅದರಲ್ಲಿ ಅನುಮಾನ ಇಲ್ಲ.

ನಮ್ಮ ವರ್ಷ ಹೇಗಿರುತ್ತದೆ? ನವೆಂಬರ್ ಕೊನೆಯಿಂದ ಅರೇಬಿಕಾ ಕುಯ್ಲು. ಅದು ಮುಗಿಯುವಷ್ಟರಲ್ಲಿ ರೊಬಸ್ಟಾ. ಆಳು ಸಿಗುವುದೇ ಕಷ್ಟ, ಸಿಕ್ಕ ದಿನ ನಾವು ಅಲ್ಲಿ ಇರಲೇಬೇಕು. ಬೆಳಿಗ್ಗೆ ತೋಟ, ಸಂಜೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಹಗಲೆಲ್ಲ ಕಣದಲ್ಲಿ ಕಾಫಿ ಬೇಳೆ ಹರವಿ ಮೋಡ ನೋಡುವುದು. ಈಚಿನ ವರ್ಷಗಳಲ್ಲಿ ಕಾಲವಲ್ಲದ ಕಾಲದಲ್ಲಿ ಮಳೆ ಬಂದು ಕಣದಲ್ಲಿದ್ದ ಕಾಫಿ ಒದ್ದೆಯಾಗಿದ್ದು ಯಾರ ಮನೆಯಲ್ಲಿ ಆಗಿಲ್ಲ ಹೇಳಿ. ಫೆಬ್ರವರಿಯಲ್ಲಿ ರೊಬಸ್ಟಾಗೆ ಸ್ಪ್ರಿಂಕ್ಲರ್ ಶುರು. ಗುಲ್ಮಾರ್ಗ್‌ನಲ್ಲಿ ಒಳ್ಳೆಯ ಪುಡಿ ಹಿಮ ಬೀಳುವುದು ಜನವರಿ, ಫೆಬ್ರವರಿಯಲ್ಲಿ. ಅಂದರೆ ಹಿಮದ ಋತು ಮತ್ತು ಕುಯ್ಲಿನ ಋತು ಸರಿಯಾಗಿ ಒಂದರ ಮೇಲೊಂದು ಬಂದು ಕೂರುತ್ತವೆ. ಅದೂ 2,500 ಕಿ.ಮೀ.ಗೂ ಹೆಚ್ಚು ದೂರದಲ್ಲಿ. ಬೈಕನ್ನು ಅರಸೀಕೆರೆಯಲ್ಲೋ ಯಶವಂತಪುರದಲ್ಲೋ ರೈಲಿಗೆ ಹಾಕಿದರೂ, ಪಿಕಪ್‌ನಲ್ಲಿ ಹೇರಿದರೂ ಹೋಗಿ ಬರೋಕೇ ಒಂದು ವಾರ ತಿನ್ನುತ್ತದೆ.

ತುಂಬಾ ಧಾರಾಳವಾಗಿ ಲೆಕ್ಕ ಹಾಕಿ. ವರ್ಷಕ್ಕೆ ಆರು ದಿನ ಹಿಮದಲ್ಲಿ ಓಡಿಸಿದಿರಿ ಅನ್ನೋಣ, ಐದು ವರ್ಷ. ಒಟ್ಟು ಮೂವತ್ತು ದಿನ. ಎಂಟು ಲಕ್ಷದ ಕಿಟ್ ಅಂದರೆ ದಿನಕ್ಕೆ 26 ಸಾವಿರಕ್ಕೂ ಜಾಸ್ತಿ. ಇದರಲ್ಲಿ ಬೈಕ್ ಇಲ್ಲ, ಗುಲ್ಮಾರ್ಗ್‌ಗೆ ಹೇರಿಕೊಂಡು ಹೋಗುವ ಸಾಗಣೆ ಇಲ್ಲ, ರೂಮ್ ಇಲ್ಲ, ಊಟ ಇಲ್ಲ. ಉಳಿದ ದಿನ ಅದು ಮಲೆನಾಡಿನ ಶೆಡ್ಡಿನಲ್ಲಿ ಮಳೆಗಾಲದ ತೇವಕ್ಕೆ ಬೇರಿಂಗ್ ತುಕ್ಕು ಹಿಡಿಸಿಕೊಂಡು ಬಿದ್ದಿರುತ್ತದೆ. ಮಾರೋಣ ಅಂದರೆ ಕೊಳ್ಳುವವರು ಇಲ್ಲ. ಅಮೆರಿಕದಲ್ಲಿ ಹಳೆ ಕಿಟ್‌ಗೂ ಅರ್ಧ ಬೆಲೆ ಸಿಗುತ್ತದೆ, ನಮ್ಮಲ್ಲಿ ಅಂಥ ಸಂತೆಯೇ ಇಲ್ಲ.

2025ರ ಫೆಬ್ರವರಿ ಹೊತ್ತಿಗೆ ಅರೇಬಿಕಾ ಪಾರ್ಚ್‌ಮೆಂಟ್ (ಪಲ್ಪ್ ಮಾಡಿ ಒಣಗಿಸಿದ ಕಾಫಿ) 50 ಕೆಜಿ ಮೂಟೆಗೆ 25 ಸಾವಿರ ದಾಟಿದ್ದು ನಮಗೆಲ್ಲ ದೊಡ್ಡ ಸಮಾಧಾನ. ಆ ದುಡ್ಡಿನಲ್ಲಿ ಹುಡುಗರು ಆಸೆಪಡುವುದು ತಪ್ಪು ಅಂತ ನಾನು ಹೇಳಲ್ಲ. ಎಷ್ಟೋ ವರ್ಷ ಬೆಲೆ ಇಲ್ಲದೆ ಅಪ್ಪಂದಿರು ಕಷ್ಟಪಟ್ಟಿದ್ದನ್ನು ನೋಡಿ ಬೆಳೆದವರು ಇವರು. ಆದರೆ ಬೆಳೆ ಸಾಲದ ಮೇಲೆ ಇನ್ನೊಂದು ಸಾಲ ಮಾಡಿ ಕಿಟ್ ತರಿಸುವ ಮಾತು ಕಿವಿಗೆ ಬಿದ್ದಾಗ ಸುಮ್ಮನಿರೋಕೆ ಆಗಲಿಲ್ಲ. ಕಾಫಿ ರೇಟ್ ಏರಿದ ಹಾಗೇ ಇಳಿಯುತ್ತದೆ. ಅದು ನಮಗೆ ಯಾರೂ ಕಲಿಸಬೇಕಾಗಿಲ್ಲ ಅಲ್ವಾ?

"ಹಾಗಾದರೆ ಹಿಮದಲ್ಲಿ ಓಡಿಸೋದೇ ಬೇಡ್ವಾ?" ಓಡಿಸಿ. ಟ್ರ್ಯಾಕ್ ಇಲ್ಲದೆಯೂ ಹಿಮದ ಮೇಲೆ ಹೋಗಬಹುದು, ಯಾವ ಹಿಮ ಅನ್ನೋದು ಗೊತ್ತಿರಬೇಕು. 2021ರ ಡಿಸೆಂಬರ್ 16ರಂದು ರಾಯಲ್ ಎನ್‌ಫೀಲ್ಡ್‌ನ ಇಬ್ಬರು ಸವಾರರು ಎರಡು ಹಿಮಾಲಯನ್ ಬೈಕ್‌ಗಳಲ್ಲಿ ದಕ್ಷಿಣ ಧ್ರುವ ಮುಟ್ಟಿದರು. 411 ಸಿಸಿಯ ಅದೇ ಬೈಕ್. ಮುಖ್ಯವಾಗಿ ಏನು ಬದಲಿಸಿದ್ದರು? ಮುಂದಿನ ಸ್ಪ್ರಾಕೆಟ್ 15 ಹಲ್ಲಿನದು ತೆಗೆದು 13 ಹಲ್ಲಿನದು ಹಾಕಿದರು. ಟ್ಯೂಬ್‌ಲೆಸ್ ಚಕ್ರಕ್ಕೆ ಮೊಳೆ ಇರುವ ಟೈರ್ ಹಾಕಿ ಗಾಳಿಯನ್ನು ತೀರಾ ಕಡಿಮೆ ಇಟ್ಟರು. ಬಿಸಿ ಬಟ್ಟೆಗೆ ಕರೆಂಟ್ ಸಿಗಲಿ ಅಂತ ಬಲವಾದ ಆಲ್ಟರ್ನೇಟರ್ ಹಾಕಿದರು. ಇನ್ನೊಂದು ವಿಷಯ ಮರೆಯಬೇಡಿ. ಅವರು ಹೋದದ್ದು ಒತ್ತಿ ಗಟ್ಟಿ ಮಾಡಿದ ಹಿಮದ ಜಾಡಿನಲ್ಲಿ, ಜೊತೆಗೆ ಬೆಂಬಲದ ದೊಡ್ಡ ಗಾಡಿಗಳೂ ಇದ್ದವು. ಗಟ್ಟಿ ಹಿಮಕ್ಕೆ, ಮಂಜುಗಡ್ಡೆಗೆ ಮೊಳೆ ಟೈರ್ ಸಾಕು. ಪುಡಿ ಹಿಮದಲ್ಲಿ ಅದು ತೋಡಿಕೊಂಡು ಕೆಳಗೇ ಇಳಿಯುತ್ತದೆ. ಸ್ಪಿಟಿ, ಲಡಾಖ್ ಕಡೆ ಗಾಡಿ ಓಡಾಡಿ ಗಟ್ಟಿಯಾದ ರಸ್ತೆಗೆ ನಿಮ್ಮ ಆಸೆ ಇದ್ದರೆ ಸ್ಪ್ರಾಕೆಟ್, ಟೈರ್, ಚೈನ್, ಒಳ್ಳೆಯ ಬಟ್ಟೆ, ಇಷ್ಟಕ್ಕೆ ಕಿಟ್‌ನ ಬೆಲೆಯಲ್ಲಿ ಸಣ್ಣ ಪಾಲು ಸಾಕು. ಕೆಲಸವನ್ನೂ ನಮ್ಮ ಊರಿನ ಮೆಕ್ಯಾನಿಕ್ ಮಾಡಿಕೊಡುತ್ತಾನೆ.

ಆಳದ ಹಿಮವೇ ಬೇಕು ಅನ್ನುವವರು ಒಮ್ಮೆ ಬ್ರಿಟಿಷ್ ಕೊಲಂಬಿಯಾಗೆ ಹೋಗಿ, ಗೈಡ್ ಸಮೇತ ಬಾಡಿಗೆ ಸ್ನೋ ಬೈಕ್ ತೆಗೆದುಕೊಂಡು ಮೂರು ದಿನ ಓಡಿಸಿ ಬನ್ನಿ. ನನ್ನ ಅಂದಾಜಿನಲ್ಲಿ ವಿಮಾನ, ವೀಸಾ ಎಲ್ಲ ಸೇರಿಸಿದರೂ ಕಿಟ್‌ನ ಬೆಲೆಗಿಂತ ಕಡಿಮೆಯೇ ಆಗುತ್ತದೆ. ಹಿಮಕುಸಿತದ ಸಾಮಾನು, ಅದನ್ನು ಬಳಸೋಕೆ ಗೊತ್ತಿರುವ ಜನ, ಎಂಜಿನ್ ಕೆಟ್ಟರೆ ನೋಡಿಕೊಳ್ಳುವವರು, ಎಲ್ಲ ಅಲ್ಲೇ ಇರುತ್ತಾರೆ. ಅರೇಬಿಕಾ ಮಾತ್ರ ಇರುವವರಿಗೆ ಮಾರ್ಚ್ ಮೊದಲ ಎರಡು ವಾರ ಸ್ವಲ್ಪ ಬಿಡುವು ಸಿಗುತ್ತದೆ, ಅಲ್ಲಿ ಆಗಲೂ ಹಿಮ ಚೆನ್ನಾಗಿರುತ್ತದೆ.

ಇಷ್ಟು ಓದಿಯೂ ಹಳೆ ಕಿಟ್ ತರಿಸಿಯೇ ತೀರುತ್ತೀನಿ ಅನ್ನುವವರು ದುಡ್ಡು ಕಳಿಸುವ ಮುಂಚೆ ಮೂರು ಫೋಟೋ ತರಿಸಿಕೊಳ್ಳಿ. ಟ್ರ್ಯಾಕ್ ಹಲ್ಲು ಹರಿದಿದೆಯಾ, ಶಾಫ್ಟ್ ಬೇರಿಂಗ್‌ನಲ್ಲಿ ತುಕ್ಕು ಇದೆಯಾ, ಟನಲ್ ಸೊಟ್ಟ ಆಗಿದೆಯಾ ಅಂತ ನೋಡಿ. ಫಿಟ್ ಕಿಟ್ ಯಾವ ಬೈಕಿನ ಯಾವ ವರ್ಷದ್ದು ಅಂತ ಬರಹದಲ್ಲಿ ಕೇಳಿ. ಫೋಟೋಗಳನ್ನು ನನಗೂ ಕಳಿಸಿ. ಕುಯ್ಲಿನ ಹೊತ್ತಾದರೂ ಪರವಾಗಿಲ್ಲ, ರಾತ್ರಿ ಕೂತು ನೋಡಿ ಹೇಳುತ್ತೇನೆ.